ಅಕ್ಕೋರು ಹೋಲಿಸದೆ ಬಿಟ್ಟ ಇಬ್ಬರು

ಎರಡರಲ್ಲಿ ಯಾವುದು ದೊಡ್ಡದು ಎಂದು ನೋಡಬೇಕಾದಾಗ ನಮ್ಮ ಇಂಗ್ಲಿಷ್ ಅಕ್ಕೋರು ಎಡಗಣ್ಣು ಮುಚ್ಚಿಕೊಳ್ಳುತ್ತಿದ್ದರು. ಬರೀ ರೆಪ್ಪೆ ಮುಚ್ಚುವುದಲ್ಲ. ಕೆನ್ನೆ ಮೇಲೇರಿ, ಮೂಗುತಿ ಓರೆಯಾಗಿ, ತುಟಿಯ ಒಂದು ಮೂಲೆ ಎತ್ತಿ, ಒಳಗಿನ ಹಲ್ಲೊಂದು ಕಾಣುತ್ತಿತ್ತು. ಎಂಟನೆಯ ಇಯತ್ತೆಗೆ ಹೊಸದಾಗಿ ಬಂದ ಹುಡುಗಿಯರು ಅಕ್ಕೋರಿಗೆ ಸಿಟ್ಟು ಬಂದಿದೆ ಎಂದು ತಿಳಿದು ಹಿಂದಿನ ಸಾಲಿಗೆ ಸರಿಯುತ್ತಿದ್ದರು. ಸಿಟ್ಟೂ ಇಲ್ಲ, ಏನೂ ಇಲ್ಲ. ಅವರು ಅಳೆಯುತ್ತಿದ್ದರು, ಅಷ್ಟೇ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಕರೆಯುವುದಿಲ್ಲ.

ನಮ್ಮೂರು ಮುಧೋಳಕ್ಕೂ ಜಮಖಂಡಿಗೂ ನಡುವೆ, ಕಬ್ಬಿನ ಹೊಲಗಳ ಮಧ್ಯೆ ಇದೆ. ಅಕ್ಕೋರ ತವರು ಮುಧೋಳ. ಮದುವೆಯಾಗಿತ್ತಂತೆ, ಗಂಡ ತೀರಿಕೊಂಡಿದ್ದನಂತೆ. ಆ ವಿಷಯ ತೆಗೆದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ. ಶಾಲೆಯ ಹಿಂದೆ ಬಾಡಿಗೆಗೆ ಎರಡು ಖೋಲಿ ಹಿಡಿದು ಒಬ್ಬರೇ ಇದ್ದರು. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆ ಹೋಗುವ ಟ್ರ್ಯಾಕ್ಟರುಗಳು ದಾರಿ ತುಂಬಿಕೊಂಡು ಬಸ್ಸು ತಡವಾದರೆ ಉಳಿದ ಮಾಸ್ತರರೆಲ್ಲ ತಡವಾಗಿ ಬರುತ್ತಿದ್ದರು. ಅಕ್ಕೋರಿಗೆ ಆ ನೆಪ ಇರಲಿಲ್ಲ. ಹೀಗಾಗಿ ಎಷ್ಟೋ ದಿನ ಗಣಿತದ ತಾಸು, ವಿಜ್ಞಾನದ ತಾಸು ಎರಡೂ ಇಂಗ್ಲಿಷಿಗೇ ಹೋಗುತ್ತಿದ್ದವು. ನಮಗೆ ಅದರಿಂದ ಬೇಸರವಾಗುತ್ತಿರಲಿಲ್ಲ ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ.

ವ್ಯಾಕರಣದಲ್ಲಿ ಹೋಲಿಕೆಯ ಪಾಠ ಎಂದರೆ ಅಕ್ಕೋರಿಗೆ ಹಬ್ಬ. ಟಾಲ್, ಟಾಲರ್, ಟಾಲೆಸ್ಟ್ ಎಂದು ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುವವರಲ್ಲ ಅವರು. ಒಂದೇ ಸಂಗತಿಯನ್ನು ಮೂರು ರೀತಿಯಲ್ಲಿ ತಿರುಗಿಸಿ ಹೇಳಬೇಕು: ಇವಳಷ್ಟು ಎತ್ತರದವರು ಯಾರೂ ಇಲ್ಲ, ಇವಳು ಉಳಿದೆಲ್ಲರಿಗಿಂತ ಎತ್ತರ, ಇವಳೇ ಎಲ್ಲರಲ್ಲಿ ಎತ್ತರ. ತಿರುಗಿಸುವಾಗ ಯಾರಾದರೂ ಎಡವಿದರೆ ಅಕ್ಕೋರು ಬೆತ್ತ ಹಿಡಿಯುತ್ತಿರಲಿಲ್ಲ, ಎದುರಿಗೆ ಬಂದು ಕೂರುತ್ತಿದ್ದರು.

“ಮಾತ ತಿರುಗಲಿ, ಖರೆ ತಿರುಗಬಾರದು,” ಎನ್ನುತ್ತಿದ್ದರು. “ಮೂರು ಸಲ ಹೇಳಿದ್ರೂ ಆ ಹುಡುಗಿ ಅಷ್ಟೇ ಎತ್ತರ ಇರಬೇಕು. ನೀ ಬರಿಯೂ ಮುಂದ ಆಕಿ ಗಿಡ್ಡ ಆದ್ಲು ಅಂದ್ರ ನಿನ್ನ ಇಂಗ್ಲಿಷು ಸುಳ್ಳ.”

ಅವರದೊಂದು ಕಟ್ಟುನಿಟ್ಟು ಇತ್ತು. ಕಣ್ಣಿಂದ ನೋಡದ್ದನ್ನು ಹೋಲಿಸಿ ಬರೆಯುವ ಹಾಗಿಲ್ಲ. ಒಬ್ಬಳು ಗೈಡಿನಲ್ಲಿದ್ದಂತೆ ಎವರೆಸ್ಟು ಎಲ್ಲಕ್ಕಿಂತ ಎತ್ತರದ ಪರ್ವತ ಎಂದು ಬರೆದಳು.

“ನೋಡೀಯೇನು?” ಎಂದು ಕೇಳಿದರು ಅಕ್ಕೋರು.

“ಇಲ್ರೀ.”

“ಹಂಗಾದ್ರ ಅದನ್ನ ನೋಡಿದಾಂವ ಬರೀಲಿ. ನೀ ನಿಮ್ಮ ಹಿತ್ತಲದಾಗಿನ ಬೇವಿನಗಿಡ ಬರಿ.”

ನಾವು ಹೊಳೆ, ಎಮ್ಮೆ, ರೊಟ್ಟಿ, ಮುಧೋಳದ ನಾಯಿ, ಹುನ್ನೂರಿನಿಂದ ಬರುವ ಬಸ್ಸಿನ ವೇಗ, ಒಬ್ಬರೊಬ್ಬರ ಜಡೆ, ಎಲ್ಲವನ್ನೂ ಹೋಲಿಸಿ ಬರೆದೆವು. ಹಾಗೆ ಬರೆಯುವಾಗಲೇ ನನ್ನ ತಂಗಿಗೂ ನನಗೂ ಜಗಳ ಹತ್ತಿತು.

ತಂಗಿ ಎಂದರೆ ಕಾಕಾನ ಮಗಳು, ನನಗಿಂತ ಕೆಲವೇ ತಿಂಗಳು ಚಿಕ್ಕವಳು. ಅವಳು ಹಾಲು ಕುಡಿಯುವಾಗಲೇ ಕಾಕಾ ತೀರಿಕೊಂಡಿದ್ದ. ಕೂಡಿದ ಮನೆ, ಒಂದೇ ಗಂಗಾಳದಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿ, ಒಂದೇ ಬೆಂಚಿನಲ್ಲಿ ಕೂತು ಬೆಳೆದೆವು. ನಮ್ಮದು ಬೀರಪ್ಪನ ಒಕ್ಕಲು, ಮನೆಯಲ್ಲಿ ಹೊಲದ ಜೊತೆ ಕುರಿಯೂ ಇದ್ದವು, ಅವನ್ನು ಕಾಯುವವನು ಅಜ್ಜ, ನಮ್ಮ ಬಾಯಲ್ಲಿ ಮುತ್ಯಾ. ನಾನು ‘ನಮ್ಮ ಮುತ್ಯಾನ ಕರಿ ಟಗರು ಕೆಂದ ಟಗರಿಗಿಂತ ಬಲಶಾಲಿ’ ಎಂದು ಬರೆದಿದ್ದೆ. ಕೆಂದ ಟಗರು ತಂಗಿಯ ಮುದ್ದಿನದು. ಅವಳು ನನ್ನ ನೋಟುಬುಕ್ಕನ್ನೇ ಕಸಿದುಕೊಂಡಳು. ಅಕ್ಕೋರು ಇಬ್ಬರನ್ನೂ ಬಿಡಿಸಿ, “ನಡೀರಿ, ನೋಡೇಬಿಡೂನು” ಎಂದು ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೇ ಬಂದರು.

ಇಸ್ತ್ರಿ ಸೀರೆಯ ಅಕ್ಕೋರು ಕುರಿದೊಡ್ಡಿಯ ಬಾಗಿಲಲ್ಲಿ ನಿಂತದ್ದು ನೋಡಿ ನಮ್ಮವ್ವ ಹೌಹಾರಿದಳು. “ಏನ ತಪ್ಪ ಮಾಡ್ಯಾರ್ರಿ ಇವು?” ಎಂದು ನಮ್ಮಿಬ್ಬರ ಬೆನ್ನಿಗೂ ಒಂದೊಂದು ಕೊಟ್ಟೇಬಿಟ್ಟಳು. ಅಕ್ಕೋರು ಅದನ್ನು ಲಕ್ಷಿಸದೆ ಎಡಗಣ್ಣು ಮುಚ್ಚಿ ಎರಡೂ ಟಗರುಗಳನ್ನು ನೋಡುತ್ತ ಹತ್ತಿರ ಹೋದರು. ಕೆಂದ ಟಗರು ಹಿಂದೆ ಸರಿದು ಓಡಿಬಂದು ಗುದ್ದಿತು ನೋಡಿ, ಅಕ್ಕೋರು ಹಿಕ್ಕೆಯ ಮೇಲೆ ಕೂತರು. ಮುತ್ಯಾ ಓಡಿಬಂದು ಎತ್ತಿದ. ಅಕ್ಕೋರು ಸೀರೆ ಝಾಡಿಸಿಕೊಂಡು, “ತಂಗೀದು ಖರೆ,” ಎಂದು ತೀರ್ಪು ಕೊಟ್ಟು, ಬಾಗಿ ಬಾಗಿ ನಕ್ಕರು. ನಾನು ಮೂರೂ ವಾಕ್ಯ ಅಳಿಸಿ ಮತ್ತೆ ಬರೆಯಬೇಕಾಯಿತು.

ಅವತ್ತಿನಿಂದ ನಮ್ಮ ಮನೆಯವರಿಗೆ ಅಕ್ಕೋರ ಮಾತೆಂದರೆ ಬಹಳ. ಒಂದು ಟಗರಿನ ಸಲುವಾಗಿ ಇಷ್ಟು ದೂರ ಬಂದು ಗುದ್ದಿಸಿಕೊಂಡವರು ಸುಳ್ಳು ಹೇಳಲಾರರು ಎಂದು ಅಪ್ಪ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳುತ್ತಿದ್ದ. ನಾನೂ ಹಾಗೆಯೇ ನಂಬಿದೆ. ಅವರು ನನ್ನ ಬರಹ ನೋಡಿ, “ನಿನ್ನಂಥಾಕಿ ನನ್ನ ಕೈಗೆ ಇನ್ನೊಬ್ಬಾಕಿ ಸಿಕ್ಕಿಲ್ಲವ್ವಾ,” ಎಂದಾಗ ಅದನ್ನು ಹೊಗಳಿಕೆ ಎಂದುಕೊಳ್ಳಲಿಲ್ಲ, ಅಳತೆ ಎಂದುಕೊಂಡೆ. ನನಗೆ ಜಮಖಂಡಿಯ ಕಾಲೇಜಿನಲ್ಲಿ ವಿಜ್ಞಾನ ಓದಬೇಕೆಂಬ ಹುಚ್ಚು ಹಿಡಿಸಿದವರೂ ಅವರೇ.

ಹತ್ತನೆಯ ಪರೀಕ್ಷೆಯ ಹೊತ್ತಿಗೆ ಮನೆಯ ಪರಿಸ್ಥಿತಿ ಕೆಟ್ಟಿತು. ಮುತ್ಯಾ ಬಾವಿಯ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ. ಅವ್ವ, ತಂಗಿಯ ತಾಯಿ ಚಿಗವ್ವ ಇಬ್ಬರೂ ಹೊಲಕ್ಕೆ ಹೋಗುವವರು. ಮುತ್ಯಾನನ್ನು ಎತ್ತಿ ಕೂರಿಸಲು, ಕುರಿಮರಿಗಳನ್ನು ನೋಡಲು, ಒಲೆ ಹಚ್ಚಲು ಮನೆಯಲ್ಲಿ ಒಬ್ಬರು ಬೇಕೇಬೇಕು. ಹುಡುಗಿಯರಲ್ಲಿ ಒಬ್ಬಳು ಕಾಲೇಜಿಗೆ ಹೋಗಲಿ, ಒಬ್ಬಳು ಮನೆಯಲ್ಲಿರಲಿ ಎಂದು ಹಿರಿಯರು ಕೂತು ಮಾತಾಡಿದರು. ನನಗೆ ಭಯವಾಗಲಿಲ್ಲ. ನಾನು ಶಾಲೆಗೇ ಮೊದಲಿನವಳು, ತಂಗಿ ನಡುವೆ ಎಲ್ಲೋ ಇರುವವಳು. ಆದರೆ ಪರೀಕ್ಷೆಯ ದಿನಗಳಲ್ಲೇ ನನಗೆ ಗದ್ದಬಾವು ಬಂದು, ಜ್ವರದಲ್ಲಿ ಏನು ಬರೆದೆನೋ ನನಗೇ ನೆನಪಿಲ್ಲ. ಗುಣಗಳು, ಅಂದರೆ ಅಂಕಗಳು, ಬಂದಾಗ ಇಬ್ಬರದೂ ಹೆಚ್ಚುಕಡಿಮೆ ಒಂದೇ ಆಗಿದ್ದವು.

ಅಪ್ಪ ಪೇಚಿಗೆ ಬಿದ್ದ. ಸ್ವಂತ ಮಗಳನ್ನು ಕಳಿಸಿ ಸತ್ತ ತಮ್ಮನ ಮಗಳನ್ನು ಕಸಬಳಿಯಲು ಇಟ್ಟುಕೊಂಡ ಎಂದು ಊರು ಆಡಿಕೊಳ್ಳುತ್ತದೆ. ಆ ಮಾತು ಅವನಿಗೆ ಸಾವಿಗಿಂತ ಕೆಟ್ಟದ್ದು. ಹೊರಗಿನವರು ಯಾರಾದರೂ ನ್ಯಾಯವಾಗಿ ಹೇಳಿದರೆ ಅವನ ಕಟ್ಟಿದ ಕೈ ಬಿಚ್ಚುತ್ತಿತ್ತು. “ಅಕ್ಕೋರು ವರ್ಸಾನಗಟ್ಲೆ ಇಬ್ಬರನ್ನೂ ನೋಡ್ಯಾರ. ಅವರು ಯಾರ ಹೆಸರ ಹೇಳ್ತಾರೋ ಆಕಿ ಹೋಗ್ಲಿ,” ಎಂದ. ಚಿಗವ್ವನೂ ಒಪ್ಪಿದಳು.

ನಾನು ಕುಣಿಯುತ್ತ ಹೋಗಿ ಅಕ್ಕೋರಿಗೆ ಸುದ್ದಿ ಮುಟ್ಟಿಸಿದೆ. ಅವರು ನನ್ನ ಗದ್ದದ ಬಾವು ಇಳಿದಿದೆಯೇ ಎಂದು ಮುಟ್ಟಿ ನೋಡಿದರು.

“ಬರ್ಲಿ ನಿಮ್ಮಪ್ಪ,” ಎಂದರು. “ಇದ್ದದ್ದು ಇದ್ದಂಗ ಹೇಳ್ತೇನಿ. ನೀ ಕಾಲೇಜಿಗೆ ಹೋಗೂ ಅರಿವಿ ತಯಾರ ಮಾಡ್ಕೋ.”

ನಾನು ಮನೆಗೆ ಬಂದು ಅವ್ವನ ಹಳೆಯ ಸೀರೆಯಿಂದ ಹೊಲಿಸಿದ್ದ ಚೂಡಿದಾರವನ್ನು ಒಗೆದು ಹರವಿದೆ. ತಂಗಿ ಅದನ್ನು ನೋಡುತ್ತ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು.

ಮರುದಿನ ಸಂಜೆ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೋದ. ಅಕ್ಕೋರು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಕೂಡ್ರಿ ಎಂದರೂ ಅಪ್ಪ ಕೂರಲಿಲ್ಲ, ತಲೆಯ ಪಟಗ ಸರಿಮಾಡಿಕೊಂಡು ನಿಂತೇ ಕೇಳಿದ.

“ಇವರ ಗುಣದ ಮ್ಯಾಲೆ ನನಗೇನೂ ತಿಳೀವಲ್ತರಿ ಅಕ್ಕೋರ. ಇಬ್ಬರೊಳಗ ಯಾರು ಶಾಣ್ಯಾಕಿ, ನೀವ ಹೇಳ್ರಿ. ನಾ ಮರುಮಾತ ಆಡೂದಿಲ್ಲ.”

ಅಕ್ಕೋರು ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ಅಂಗಳಕ್ಕೆ ಎಸೆದರು.

“ಇಬ್ಬರೂ ಅಷ್ಟ ಅದಾರ್ರಿ ಅಣ್ಣಾರ. ಹೆಚ್ಚು ಕಡಿಮಿ ಏನಿಲ್ಲ.”

ಅಪ್ಪನಿಗೂ ಅದು ಅನಿರೀಕ್ಷಿತವಾಗಿರಬೇಕು. “ಒಂದ ಕೂದಲಿನಷ್ಟರ ಫರಕ್ ಇರಬೇಕಲ್ರಿ?” ಎಂದು ಮತ್ತೆ ಕೇಳಿದ. ಪಾಪ, ಅವನು ಕೇಳಿದ್ದು ನನ್ನ ಸಲುವಾಗಿಯೇ.

“ಇಲ್ರಿ. ಕೂದಲಿನಷ್ಟೂ ಇಲ್ಲ.”

ನಾನು ಅಕ್ಕೋರನ್ನೇ ನೋಡುತ್ತ ನಿಂತಿದ್ದೆ. ಅವರು ಈಗ ನಗಬಹುದು, ಈಗ ನನ್ನ ಕಡೆ ತಿರುಗಬಹುದು ಎಂದು ಕಾದೆ. ಅವರು ಮೊರ ಎತ್ತಿಕೊಂಡು ಗಾಳಿಗೆ ಹಿಡಿದರು, ಹೊಟ್ಟು ಹಾರಿ ನಮ್ಮ ಮೇಲೆ ಬಂತು. ಅಪ್ಪ ನಿಟ್ಟುಸಿರು ಬಿಟ್ಟು, “ಹಂಗಾದ್ರ ಬೀರಪ್ಪನ್ನ ಕೇಳೂದ ಮತ್ತ,” ಎಂದು ಕೈಮುಗಿದು ಹೊರಟ. ಬೇಡ ಎನ್ನಲು ಆಗಲೂ ಹೊತ್ತಿತ್ತು. ಅಕ್ಕೋರು ಎನ್ನಲಿಲ್ಲ.

ನಮ್ಮಲ್ಲಿ ಮನುಷ್ಯರಿಂದ ತೀರ್ಮಾನವಾಗದ ಮಾತು ಬೀರಪ್ಪನ ಮುಂದೆ ಹೋಗುತ್ತದೆ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚುತ್ತಾನೆ, ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ದೇವರ ಮಾತು. ಬಲಗಡೆಯ ಹೂ ನನ್ನದು, ಎಡಗಡೆಯದು ತಂಗಿಯದು ಎಂದು ಹೇಳಿ ಕೂತೆವು. ಬಹಳ ಹೊತ್ತು ಎರಡೂ ಅಲ್ಲಾಡಲಿಲ್ಲ. ಆಮೇಲೆ ಎಡಗಡೆಯದು ಜಾರಿ ಪೀಠದ ಮೇಲೆ ಬಿತ್ತು. ಚಿಗವ್ವ ಭಂಡಾರದ ಅರಿಶಿನ ಹಾರಿಸಿ ಅತ್ತಳು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

ಬೀರಪ್ಪನ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಅವನ ಭುಜದ ಮೇಲೆ ಹಾಕಿದರೆ ಅವನಾದರೂ ಏನು ಮಾಡಿಯಾನು? ನನ್ನ ಸಿಟ್ಟೆಲ್ಲ ಜೋಳ ಹಸನು ಮಾಡುತ್ತ ಕೂತಿದ್ದ ಆ ಹೆಂಗಸಿನ ಮೇಲೆ. ಒಂದು ಟಗರಿನ ಬಗ್ಗೆ ತಪ್ಪು ಬರೆದದ್ದಕ್ಕೆ ಮೂರೂ ವಾಕ್ಯ ಅಳಿಸಲು ಹಚ್ಚಿದವರು ನನ್ನ ಬಗ್ಗೆ ಅಷ್ಟು ಸಲೀಸಾಗಿ ಸುಳ್ಳು ಹೇಳಿದರಲ್ಲ! ಬೇರೆಯವರು ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆ. ಇವರು ಹೇಳಬಾರದಿತ್ತು.

ತಂಗಿ ಜಮಖಂಡಿಯ ಬಸ್ಸು ಹತ್ತಿದಳು, ನನ್ನ ಚೂಡಿದಾರ ಅವಳಿಗೇ ಆಯಿತು. ನಾನು ಮುತ್ಯಾನ ಸೇವೆಗೆ ನಿಂತೆ. ಎದುರಿಗೆ ಅಕ್ಕೋರು ಬಂದರೆ ಓಣಿ ಬದಲಿಸುತ್ತಿದ್ದೆ. ಅವರು ಮಾತ್ರ ಬಿಡಲಿಲ್ಲ. ತಂಗಿಯ ಕೈಯಲ್ಲಿ ಪುಸ್ತಕ ಕಳಿಸುತ್ತಿದ್ದರು, ಮನೆಯಲ್ಲೇ ಓದಿ ಪರೀಕ್ಷೆಗೆ ಕೂಡು ಎಂದು ಹೇಳಿ ಕಳಿಸುತ್ತಿದ್ದರು. ಪುಸ್ತಕಗಳನ್ನು ಮೊದಮೊದಲು ಜಂತಿಯ ಸಂದಿಗೆ ಎಸೆದೆ. ಮುತ್ಯಾ ಮಲಗಿದ ಮಧ್ಯಾಹ್ನಗಳು ಉದ್ದವಾದಾಗ ಒಂದೊಂದಾಗಿ ಇಳಿಸಿಕೊಂಡೆ. ಓದುತ್ತಲೂ ಬೈಯುತ್ತಿದ್ದೆ, ಬೈಯುತ್ತಲೂ ಓದುತ್ತಿದ್ದೆ. ಮದುವೆಯಾಗಿ ಬನಹಟ್ಟಿಗೆ ಬಂದ ಮೇಲೆ, ಮಗ್ಗಗಳ ಖಟಖಟದ ನಡುವೆಯೇ, ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಿ ಬಿ.ಎ. ಮುಗಿಸಿದೆ. ಈಗ ಮಗ್ಗದ ಮನೆಗಳ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಕ್ಕೋರು ಕಳಿಸಿದ ಪುಸ್ತಕಗಳಿಲ್ಲದಿದ್ದರೆ ಇದೂ ಆಗುತ್ತಿರಲಿಲ್ಲ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕಾಲು ಮುರಿದವರೇ ಊರಲು ಬಡಿಗೆ ತಂದುಕೊಟ್ಟರೆ ಎಷ್ಟು ಕೈಮುಗಿಯಬೇಕು ಎಂಬುದು ನನಗೆ ತಿಳಿದಿಲ್ಲ.

ತಂಗಿ ನರ್ಸಿಂಗ್ ಓದಿ ಬೀಳಗಿಯಲ್ಲಿ ಆಸ್ಪತ್ರೆಯ ಕೆಲಸಕ್ಕೆ ಸೇರಿದಳು. ಅವಳು ಬಿಳಿ ಅಂಗಿ ಹಾಕಿಕೊಂಡು ಮೊದಲ ಸಲ ಮನೆಗೆ ಬಂದಾಗ ನನಗೆ ಖರೆಯಾಗಿಯೂ ಸಂತೋಷವಾಯಿತು. ಅವಳ ಮೇಲೆ ಒಂದು ದಿನವೂ ಕೋಪ ಬರಲಿಲ್ಲ. ಅವಳದೇನು ತಪ್ಪು, ಅವಳು ಸುಮ್ಮನೆ ಪಕ್ಕದಲ್ಲಿ ನಿಂತಿದ್ದಳು ಎಂದುಕೊಂಡಿದ್ದೆ.

ಅಕ್ಕೋರು ನಿವೃತ್ತರಾಗಿ ಮುಧೋಳಕ್ಕೆ ಹೋದ ಮೇಲೆ ಒಮ್ಮೆ ಹಟ ಹಿಡಿದು ಅವರ ಮನೆಗೆ ಹೋದೆ. ಕೇಳಲೇಬೇಕಿತ್ತು. ಹಣ್ಣಾಗಿದ್ದರು, ಆದರೆ ಧ್ವನಿ ಹಾಗೆಯೇ ಇತ್ತು. ಕುಶಲ ಮುಗಿಯುವುದಕ್ಕೂ ಬಿಡದೆ ಕೇಳಿದೆ.

“ಅವತ್ತ ಅಪ್ಪನ ಮುಂದ ಯಾಕ ಹಂಗಂದ್ರಿ ಅಕ್ಕೋರ?”

ಯಾವತ್ತು ಎಂದು ಅವರು ಕೇಳಲಿಲ್ಲ.

“ಆಕಿ ಸೋದರಮಾವ ಗೊತ್ತಿತ್ತಲ್ಲ ನಿನಗ? ಕುಡುಕ. ಆಕಿ ಕಾಲೇಜಿಗೆ ಹೋಗದಿದ್ರ ನಿಮ್ಮ ಮುತ್ಯಾ ಎದ್ದ ಕೂಡಲೆ ಅವನ ಕೊರಳಿಗೆ ಕಟ್ಟತಿದ್ರು. ಮಾತಾಗಿತ್ತು.”

“ಅದಕ್ಕ ನನ್ನ ಬಲಿ ಕೊಟ್ರಿ?”

“ನೀ ಗಟ್ಟಿ ಇದ್ದಿ. ಎಲ್ಲಿ ಒಗದ್ರೂ ಬೆಳಿಯಾಕಿ. ಆಕಿಗೆ ಅದೊಂದ ಬಾಗಲಾ ಇತ್ತು.”

“ಗಟ್ಟಿ ಇದ್ದವರನ್ನ ಒಗೀಬಹುದು ಅಂತ ಎಲ್ಲಿ ಬರದೈತ್ರಿ?” ಎಂದೆ. ನನ್ನ ಧ್ವನಿ ಏರಿತ್ತು, ಪಕ್ಕದ ಮನೆಯವರು ಇಣುಕಿ ನೋಡಿದರು. “ಅಷ್ಟಾದ್ರೂ ನನ್ನ ಕಿವ್ಯಾಗ ಒಂದ ಮಾತ ಹಾಕಬೇಕಿತ್ತು. ಅರಿವಿ ತಯಾರ ಮಾಡ್ಕೋ ಅಂದ್ರಿ. ಮರುದಿನಾನ ಹಂಗಂದ್ರಿ. ನಡುವ ಏನಾತು?”

ಅಕ್ಕೋರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. “ಅದನ್ನ ನಾ ಹೇಳಾಕ ಬರಂಗಿಲ್ಲವ್ವಾ,” ಎಂದರು. “ಚಹಾ ಕುಡದ ಹೋಗು.” ನಾನು ಕುಡಿಯದೆ ಎದ್ದು ಬಂದೆ. ತಪ್ಪಾಯಿತು ಎನ್ನಲು ಅವರ ಹಮ್ಮು ಬಿಡುತ್ತಿಲ್ಲ ಎಂದು ತಿಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವರೊಂದಿಗೆ ಜಗಳವಾಡಿದೆ, ಒಂದರಲ್ಲೂ ಅವರನ್ನು ಗೆಲ್ಲಲು ಬಿಡಲಿಲ್ಲ.

ಕಳೆದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ಸುದ್ದಿ ತಂಗಿಯಿಂದಲೇ ಬಂತು. ಕೊನೆಯ ವಾರ ಅವಳು ರಜೆ ಹಾಕಿ ಅವರ ಹತ್ತಿರವೇ ಇದ್ದಳಂತೆ, ತಾನೇ ಮೈ ಒರೆಸಿ, ಬಾಯಿಗೆ ನೀರು ಬಿಟ್ಟಳಂತೆ. ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಮಲಗಿಸಿದ್ದರು. ಹಳೆಯ ವಿದ್ಯಾರ್ಥಿನಿಯರು ರನ್ನಬೆಳಗಲಿಯಿಂದ, ರಬಕವಿಯಿಂದ, ಎಲ್ಲೆಲ್ಲಿಂದಲೋ ಬಂದಿದ್ದರು. ಅಳು ಬರಲಿಲ್ಲ ನನಗೆ. ಮುಖ ನೋಡಿದೆ, ಹೂ ಹಾಕಿದೆ, ಬದಿಗೆ ಸರಿದೆ.

ಎಲ್ಲ ಮುಗಿದು ತಂಗಿಯೂ ನಾನೂ ಮುಧೋಳದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಅವಳು ಬೀಳಗಿಗೆ, ನಾನು ಬನಹಟ್ಟಿಗೆ. ಅತ್ತು ಅತ್ತು ಅವಳ ಕಣ್ಣು ಊದಿದ್ದವು.

“ಯಕ್ಕಾ, ಒಂದ ಮಾತ ಐತಿ,” ಎಂದಳು. “ದೊಡ್ಡಪ್ಪ ಅಕ್ಕೋರನ್ನ ಕೇಳಾಕ ಹೋದ್ನಲ್ಲ, ಅದರ ಹಿಂದಿನ ದಿನಾ ನಾ ಅವರ ಮನೀಗೆ ಹೋಗಿದ್ದೆ. ನೀ ಅರಿವಿ ಒಗದ ಹಾಕಿದ್ದಿ. ಅದನ್ನ ನೋಡಿ ನನಗ ಜೀವಾ ನಿಲ್ಲಲಿಲ್ಲ. ಹೋಗಿ ಅವರ ಕಾಲ ಹಿಡದೆ.”

ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಅವಳ ಕಡೆ ತಿರುಗಿದೆ.

“ಮೊದಲ ಬೈದ್ರು. ಆಕಿ ಪಾಲಿಂದು ನಿನಗ ಹೆಂಗ ಕೊಡ್ಲಿ ಅಂದ್ರು. ನಾ ಬಿಡಲಿಲ್ಲ. ಮಾವನ ಮನೀಗೆ ಕೊಟ್ರ ಬಾವಿಗೆ ಬೀಳ್ತೇನಿ ಅಂದೆ. ಆಮ್ಯಾಲೆ ಒಪ್ಪಿದ್ರು. ನೀನ ಹೆಚ್ಚು ಅಂತ ಹೇಳಂಗಿಲ್ಲ, ಇಬ್ರೂ ಸರಿ ಅಂತೇನಿ, ಉಳದದ್ದು ದೇವ್ರು ನೋಡ್ಲಿ ಅಂದ್ರು. ನಾ ಬಂದಿದ್ದನ್ನ ಯಾರ ಮುಂದನೂ ಹೇಳಬ್ಯಾಡ್ರಿ ಅಂತ ಬೀರಪ್ಪನ ಆಣಿ ಹಾಕಿಸಿದ್ದೆ.”

ಆ ಆಣೆಯನ್ನು ಅಕ್ಕೋರು ಕೊನೆಯತನಕ ಕಾದಿದ್ದರು. ನಾನು ಮನೆಗೆ ಹೋಗಿ ಕೂಗಾಡಿದಾಗಲೂ ಕಾದಿದ್ದರು.

“ಇಷ್ಟ ದಿನಾ ಯಾಕ ಹೇಳಲಿಲ್ಲ?” ಎಂದೆ.

ತಂಗಿ ಮೂಗು ಒರೆಸಿಕೊಂಡಳು. “ನಿನ್ನ ಸಿಟ್ಟು ಅವರ ಮ್ಯಾಲಿತ್ತು, ನನ್ನ ಮ್ಯಾಲೆ ಇರಲಿಲ್ಲ. ಹಂಗ ಇರ್ಲಿ ಅಂತ ಬಿಟ್ಟೆ, ಯಕ್ಕಾ. ನೀ ಮಾತ ಬಿಟ್ರ ನನಗ ಯಾರಿದ್ರು?”

ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದವರು ನಾವು. ಆ ರಾತ್ರಿಯೂ ಹಾಗೆಯೇ ಮಲಗಿದ್ದೆವು. ಮುಂದಿನ ಎಷ್ಟೋ ರಾತ್ರಿ ನಾನು ಕಂಬಳಿಯೊಳಗೆ ಅಕ್ಕೋರಿಗೆ ಶಾಪ ಹಾಕುವುದನ್ನು ಅವಳು ಕೇಳುತ್ತ ಮಲಗಿದ್ದಳು. ಈ ಲೆಕ್ಕದಲ್ಲಿ ನನಗೆ ಇಬ್ಬರೂ ಮೋಸ ಮಾಡಿದರು. ಒಬ್ಬರನ್ನು ಮೂರು ತಾಸಿನ ಹಿಂದೆ ಮಣ್ಣು ಮಾಡಿ ಬಂದಿದ್ದೇವೆ. ಇನ್ನೊಬ್ಬಳು ನನ್ನ ಹೆಗಲಿಗೆ ಒರಗಿ ಅಳುತ್ತಿದ್ದಾಳೆ, ಅವಳನ್ನು ದೂಡಲೂ ಕೈ ಬರುವುದಿಲ್ಲ.

“ನನ್ನ ಕೇಳಬೇಕಿತ್ತಲ್ಲೇ,” ಎಂದೆ ಕೊನೆಗೆ.

“ನೀ ಒಲ್ಲೆ ಅಂದಿದ್ರ?”

ಆಗ ನನಗಿದ್ದ ಹುಚ್ಚಿಗೆ ಒಲ್ಲೆ ಎನ್ನುತ್ತಿದ್ದೆನೇನೋ. ಅಥವಾ ಆ ಕುಡುಕನ ಮುಖ ನೆನೆಸಿಕೊಂಡು, ಹೋಗು, ನೀನೇ ಹೋಗು, ಎಂದು ನಾನೇ ಅವಳನ್ನು ಬಸ್ಸು ಹತ್ತಿಸುತ್ತಿದ್ದೆನೇನೋ. ಹತ್ತಿಸಿದ್ದರೆ ಈ ಇಡೀ ಬದುಕು ನಾನು ಕೊಟ್ಟದ್ದಾಗುತ್ತಿತ್ತು, ನನ್ನಿಂದ ಕಸಿದುಕೊಂಡದ್ದಾಗುತ್ತಿರಲಿಲ್ಲ.

ಬೀಳಗಿಯ ಬಸ್ಸು ಮೊದಲು ಬಂತು. ತಂಗಿ ಹತ್ತಿ ಕೂತು, ಕಿಟಕಿಯಿಂದ ಕೈ ಚಾಚಿದಳು. ಹಿಡಿದೆ, ಬಸ್ಸು ಅಲ್ಲಾಡಿದ ಮೇಲೆ ಬಿಟ್ಟೆ. ನಾನು ಗಟ್ಟಿ ಎಂದು ನಂಬಿದಿರಲ್ಲ ಅಕ್ಕೋರೇ, ಒಳ್ಳೆಯವಳಿರಬಹುದು ಎಂದು ಯಾಕೆ ನಂಬಲಿಲ್ಲ? ಒಂದು ಮಾತು ನನ್ನನ್ನು ಕೇಳಬೇಕಿತ್ತು.